ಬಾಕಿ ಚಿಲ್ಲರೆ

ತಲಪಾಡಿ ಬಸ್ಸಿನ ದೂಮಪ್ಪನ ಚರ್ಮದ ಚೀಲ
ಕ್ಯೂಆರ್ ಕೋಡು ಬಂದ ಮೇಲೆ ಹಗುರಾಗಬೇಕಿತ್ತು.
ಕೊರಳಲ್ಲಿ ನೇತಾಡುವ ಆ ಚೌಕ ಚಿತ್ರಕ್ಕೆ
ಎಲ್ಲರೂ ಫೋನು ತೋರಿಸುತ್ತಾರೆ,
ಹಣ ಯಾರ ಕೈಗೂ ತಾಗದೆ ಧಣಿಯ ಖಾತೆ ಸೇರುತ್ತದೆ.
ಚೀಲ ಮಾತ್ರ ದಿನಕ್ಕಿಷ್ಟು ಭಾರ ಏರಿಸಿಕೊಂಡು
ದೂಮಪ್ಪನ ಎಡ ಹೆಗಲು ಇಳಿಯಿತು.
ಬಸ್ಸೂ ಎಡಕ್ಕೇ ವಾಲುತ್ತದೆಂದು
ಡ್ರೈವರ್ ಮೊಯ್ದೀನಬ್ಬ ಟಯರಿನವನಿಗೆ ಬೈದ.

ಒಂದು ರಾತ್ರಿ ಕೊನೆಯ ಟ್ರಿಪ್ಪು ಮುಗಿಸಿ
ಹಿಂದಿನ ಸೀಟಿನ ಮೇಲೆ ಸುರಿದು ನೋಡಿದ:
ನಾಣ್ಯ. ಬರೀ ನಾಣ್ಯ.
ಒಂದರದ್ದು, ಎರಡರದ್ದು, ಚಲಾವಣೆ ನಿಂತ ನಾಲ್ಕಾಣೆಯದ್ದೂ.
ಸಿಂಹ ಇರಬೇಕಾದಲ್ಲಿ ಮನುಷ್ಯರ ಮುಖ.
ಮೀನಬುಟ್ಟಿ ಕಾಲಡಿ ಒತ್ತಿ ಕೂತ ಗುಲಾಬಿಯಕ್ಕ,
ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡ ಉಳ್ಳಾಲದ ಒಬ್ಬ ತಾಯಿ,
ಹಾಲ್‌ಟಿಕೆಟ್ ಮರೆತು ಬೆವರುತ್ತಿದ್ದ ಹುಡುಗ.
‘ಚಿಲ್ಲರೆ ಇಲ್ಲ, ಇಳಿಯುವಾಗ ಕೊಡುವಾ’ ಎಂದು
ಇಪ್ಪತ್ತಾರು ವರ್ಷ ಅವನು ಹೇಳಿದ ಮಾತು
ಇಳಿಯದೆ ಅಲ್ಲೇ ಕೂತಿತ್ತು.

ಮರುದಿನ ನೇತ್ರಾವತಿ ಸೇತುವೆಯ ಮೇಲೆ
ಹಿಡಿ ಹಿಡಿಯಾಗಿ ಹೊಳೆಗೆ ಎಸೆದ.
ಬೆಳಿಗ್ಗೆ ಎದ್ದರೆ ಚೀಲ ತುಂಬಿತ್ತು,
ಅಡಿಯಲ್ಲಿ ಒಂದಿಷ್ಟು ಒದ್ದೆ ಹೊಯಿಗೆ, ಒಂದು ಮರುವಾಯಿ.
‘ಹೊಳೆಗೂ ಈಗ ಫೋನಲ್ಲೇ ಹಾಕಬೇಕು ಕಾಣುತ್ತದೆ’ ಅಂದ ಮೊಯ್ದೀನಬ್ಬ.

ಹಾಗೆ ಶುರುವಾಯಿತು ಹಂಚುವುದು.
ಗುಲಾಬಿಯಕ್ಕ ಎಣಿಸಿ, ಸೊಂಟಕ್ಕೆ ಸಿಕ್ಕಿಸಿ,
‘ಬಡ್ಡಿ ಎಲ್ಲುಂಟು?’ ಕೇಳಿದಳು.
ಬೆನೆಡಿಕ್ಟಾ ಬಾಯಿಯ ಒಂದೂವರೆ ರೂಪಾಯಿಯನ್ನು
ರಜೆ ಹಾಕಿ ಹೋಗಿ ಗೋರಿಯ ಮೇಲಿಟ್ಟು ಬಂದ.
ಅದು ತಿರುಗಿ ಬರಲಿಲ್ಲ.

ನಾನು ಹಂಪನಕಟ್ಟೆಯ ಕನ್ನಡಕದಂಗಡಿಯವಳು.
ದಿನವಿಡೀ ಬೇರೆಯವರ ಮೂಗಿಗೆ ಫ್ರೇಮು ಕೂರಿಸಿ
‘ಒಪ್ಪುತ್ತದೆ’ ಅನ್ನುವುದು ಕೆಲಸ.
ಮೊನ್ನೆ ಜ್ಯೋತಿ ದಾಟುವಾಗ
ನನ್ನ ಅಂಗೈಗೆ ಎರಡು ರೂಪಾಯಿ ಒತ್ತಿದ.
‘ಎಂಥದ್ದು ಇದು?’
‘ನಿಮ್ಮದೇ. ನೋಡಿ.’

ಉಗುರಿನಷ್ಟು ಜಾಗದಲ್ಲಿ ನಾನು.
ಅಮ್ಮನಿಗೆ ಹೇಳದೆ ಕತ್ತರಿಸಿಕೊಂಡ ಕೂದಲು.
ಬಾಯಿಗೆ ಕೈ ಅಡ್ಡ ಹಿಡಿಯದೆ,
ಓರೆ ಹಲ್ಲೂ ಕಾಣುವ ಹಾಗೆ ನಗುತ್ತಿದ್ದೇನೆ.
ಯಾವ ದಿನ ಅದು? ಪಕ್ಕದಲ್ಲಿ ಯಾರಿದ್ದರು?
ದೂಮಪ್ಪ ತಲೆ ಅಲ್ಲಾಡಿಸಿದ:
‘ನಾನು ಆಗ ಮುಖ ಎಲ್ಲಿ ನೋಡುತ್ತಿದ್ದೆ ಅಕ್ಕ,
ನೋಟು ನೋಡುತ್ತಿದ್ದೆ.’
ಪಂಪ್‌ವೆಲ್ ತನಕ ನೆನಪು ಮಾಡಿದೆ. ಸಿಗಲಿಲ್ಲ.
ತೊಕ್ಕೊಟ್ಟಿನಲ್ಲಿ ಇಳಿದವಳು
ಹೂವಿನವಳಿಗೆ ಅದನ್ನೇ ಕೊಡಲು ಹೋಗಿ
ಕೈ ಹಿಂದೆ ತೆಗೆದೆ.

ಈಗ ಚೀಲದಲ್ಲಿ ಒಂದೇ ಒಂದು ಉಳಿದಿದೆಯಂತೆ.
ಐದರದ್ದು, ಮಿರುಗುವ ಹೊಸತು,
ಇಸವಿ ನೋಡಿದರೆ ಬರುವ ವರ್ಷದ್ದು.
ಅದರಲ್ಲಿರುವ ಮುಖ ಇನ್ನೂ ಬಸ್ಸು ಹತ್ತಿಲ್ಲ.

ಹಾಗಾಗಿ ಅವನು ಫುಟ್‌ಬೋರ್ಡಿನಲ್ಲಿ ನಿಂತು
ಹತ್ತುವವರನ್ನೆಲ್ಲ ದಿಟ್ಟಿಸುತ್ತಾನೆ.
ಕೆಲವರು ದುಪ್ಪಟ್ಟಾ ಸರಿ ಮಾಡಿಕೊಳ್ಳುತ್ತಾರೆ.
ಒಬ್ಬ ಕಾಲರಿಗೇ ಕೈ ಹಾಕಿದ.
ಒಬ್ಬ ಮುದುಕ ಮಾತ್ರ, ತನ್ನನ್ನು ಯಾರೋ ಗುರುತಿಸಿದರೆಂದು
ಮನೆಯ ಸುದ್ದಿಯೆಲ್ಲ ಹೇಳುತ್ತಾ ಕೂತ.

ಎರಡು ನಿಮಿಷ ಲೇಟು. ಹಿಂದಿನ ಬಸ್ಸು ಹಾರ್ನು ಒತ್ತಿ ಹಿಡಿದಿದೆ.
ದೂಮಪ್ಪ ಸೀಟಿ ತುಟಿಗಿಟ್ಟುಕೊಂಡಿದ್ದಾನೆ,
ಊದುತ್ತಿಲ್ಲ.
ಸ್ಟೇಟ್ ಬ್ಯಾಂಕಿನ ಆ ಬದಿಯಿಂದ
ಚಪ್ಪಲಿ ಕೈಯಲ್ಲಿ ಹಿಡಿದು ಯಾರೋ ಓಡಿಬರುತ್ತಿದ್ದಾರೆ.